ಪದ್ಯ ಸುಟ್ಟು ಹಡಗು ಹತ್ತಿದ ನೇಕಾರ

ಬರ್ಡ್ ವಾಚಿಂಗ್ ಹುಚ್ಚಿರೋರಿಗೆ ಅಲೆಕ್ಸಾಂಡರ್ ವಿಲ್ಸನ್ ಹೆಸರು ಗೊತ್ತಿರತ್ತೆ, ಅಮೆರಿಕದ ಪಕ್ಷಿಶಾಸ್ತ್ರಕ್ಕೆ ಬುನಾದಿ ಹಾಕಿದವ್ನು ಅಂತ, ಆದ್ರೆ ಮನುಷ್ಯ ಮೂಲತಃ ಕವಿ ಕಣ್ರೀ, 1766ರಲ್ಲಿ ಸ್ಕಾಟ್ಲೆಂಡಿನ ಪೇಸ್ಲಿ ಅನ್ನೋ ಊರಲ್ಲಿ ಹುಟ್ಟಿ ಚಿಕ್ಕ ವಯಸ್ಸಲ್ಲೇ ಮಗ್ಗಕ್ಕೆ ಕೂತು, ಆಮೇಲೆ ಬಟ್ಟೆ ಗಂಟು ಹೊತ್ಕೊಂಡು ಊರೂರು ಸುತ್ತಿ ಮಾರ್ತಾ ಪದ್ಯ ಬರೀತಿದ್ದ. ಗಂಡ ಹೆಂಡ್ತಿ ಜಗಳದ ಮೇಲೆ ಬರೆದಿದ್ದೊಂದು 1792ರಲ್ಲಿ ಹೆಸರಿಲ್ದೆ ಅಚ್ಚಾಗಿ ಸಖತ್ ಓಡ್ತು, ಎಷ್ಟೋ ಜನ ಅದು ಸ್ಕಾಟ್ಲೆಂಡಿನ ದೊಡ್ಡ ಕವಿ ರಾಬರ್ಟ್ ಬರ್ನ್ಸ್‌ದೇ ಅಂದ್ಕೊಂಡಿದ್ರು.

ಎಡವಟ್ಟಾಗಿದ್ದು ಇನ್ನೊಂದ್ರಿಂದ. ವಿಲಿಯಂ ಶಾರ್ಪ್ ಅನ್ನೋ ಮಿಲ್ ಮಾಲೀಕ ಅಳತೇಲಿ ಮೋಸ ಮಾಡಿ ನೇಕಾರರ ಕೂಲಿ ಹೊಡೀತಾನೆ ಅಂತ ಪದ್ಯ ಬರೆದ, ಅಲ್ಲಿಗೇ ಬಿಟ್ಟಿದ್ರೆ ಹೀರೋ ಆಗ್ತಿದ್ದ, ಐದು ಗಿನಿ (ಆಗಿನ ಬ್ರಿಟಿಷ್ ಚಿನ್ನದ ನಾಣ್ಯ) ಕೊಟ್ರೆ ಅಚ್ಚು ಹಾಕ್ಸಲ್ಲ ಅಂತ ಅವ್ನಿಗೇ ಕಾಗದ ಬರೆದ್ಬಿಟ್ಟ! (ಅಭಿಮಾನಿಗಳು ಈ ಭಾಗ ಬೇಗ ದಾಟಿಸ್ತಾರೆ.) ಕೇಸು, ಜೈಲು, 1793ರಲ್ಲಿ ಊರ ನಡುವೆ ನಿಂತು ತನ್ನ ಪದ್ಯಾನ ತಾನೇ ಸುಡ್ಬೇಕಾಯ್ತು. ಮರುವರ್ಷ ಅಕ್ಕನ ಮಗನ್ನ ಕರ್ಕೊಂಡು ಅಮೆರಿಕಾಗೆ ಹೊರಟ, ಹಡಗಲ್ಲಿ ಜಾಗ ಇಲ್ದೆ ಡೆಕ್ ಮೇಲೇ ಮಲಗಿ.

ಫಿಲಡೆಲ್ಫಿಯಾ ಹತ್ರ ಸ್ಕೂಲ್ ಮೇಷ್ಟ್ರಾದ, ಪಕ್ಕದಲ್ಲೇ ಸಸ್ಯಶಾಸ್ತ್ರಜ್ಞ ವಿಲಿಯಂ ಬಾರ್ಟ್ರಮ್ ತೋಟ, ಅಲ್ಲಿ ಹಕ್ಕಿ ಗೀಳು ಅಂಟ್ತು. 1804ರಲ್ಲಿ ನಯಾಗರಾವರೆಗೆ ನಡ್ಕೊಂಡು ಹೋಗಿ ಆ ನಡಿಗೆ ಬಗ್ಗೇನೂ ಎರಡು ಸಾವಿರ ಸಾಲಿಗಿಂತ ಜಾಸ್ತಿ ಪದ್ಯ ಬರೆದ, ನಂಗಂತೂ ಬೋರ್.

ಅವನೊಳಗಿನ ಕವಿ ಸಿಗೋದು 'ಅಮೆರಿಕನ್ ಆರ್ನಿಥಾಲಜಿ' ಅನ್ನೋ ಅವನ ಹಕ್ಕಿ ಪುಸ್ತಕದ ಗದ್ಯದಲ್ಲೇ. ನಾರ್ತ್ ಕ್ಯಾರೊಲಿನಾದ ವಿಲ್ಮಿಂಗ್ಟನ್ ಹತ್ರ ಐವರಿ ಬಿಲ್ಡ್ ಅನ್ನೋ ದೊಡ್ಡ ಮರಕುಟಿಗಕ್ಕೆ ಗುಂಡು ಹೊಡೆದ, ರೆಕ್ಕೆಗೆ ಸ್ವಲ್ಪ ತಗುಲಿತ್ತು ಅಷ್ಟೇ, ಹಿಡ್ಕೊಂಡು ಊರೊಳಗೆ ಬಂದ್ರೆ ಅದು ಥೇಟ್ ಮಗು ಥರ ಅಳೋದಂತೆ, ಹೆಂಗಸರೆಲ್ಲ ಗಾಬರಿಯಾಗಿ ಕಿಟಕಿ ಬಾಗಿಲಿಗೆ ಬಂದ್ರಂತೆ, ಇವ್ನು ಹೋಟೆಲ್ ಬಾಗಿಲಲ್ಲಿ ನಿಂತು ನಂಗೂ ನನ್ನ ಮಗೂಗೂ ಜಾಗ ಇದ್ಯಾ ಅಂತ ಕೇಳಿದ್ನಂತೆ. ರೂಮಲ್ಲಿ ಕೂಡ್ಹಾಕಿ ಕುದುರೆ ನೋಡ್ಕೊಂಡು ಬರೋಷ್ಟ್ರಲ್ಲಿ ಗೋಡೆ ಕೊರೆದು ಹಾಸಿಗೆ ತುಂಬ ಗಾರೆ! ಕಾಲಿಗೆ ದಾರ ಹಾಕಿ ಮೇಜಿಗೆ ಕಟ್ಟಿದ್ರೆ ಮಹಾಗನಿ ಮೇಜೇ ಹಾಳು. ಏನು ಕೊಟ್ರೂ ತಿನ್ಲಿಲ್ಲ, ಮೂರು ದಿನಕ್ಕೆ ಸತ್ತೋಯ್ತು, ಅದರ ಛಲ ನೋಡಿ ಕಾಡಿಗೇ ಬಿಟ್ಬಿಡೋಣ ಅನ್ಸಿತ್ತು ಅಂತ ಬರೀತಾನೆ.

1808ರಲ್ಲಿ ಆ ಪುಸ್ತಕದ ಮೊದಲ ಸಂಪುಟ ಬಂತು, ಪೂರ್ತಿ ಸೆಟ್‌ಗೆ 120 ಡಾಲರ್, ಆ ಕಾಲಕ್ಕೆ ಭಾರೀ ದುಡ್ಡು. ಚಂದಾದಾರರನ್ನ ಹುಡುಕ್ಕೊಂಡು ಮತ್ತೆ ಊರೂರು ಅಲೆದ, ಹಳೇ ಗಂಟಿನ ವ್ಯಾಪಾರವೇ, ಈ ಸಲ ಗಿರಾಕಿಗಳಲ್ಲಿ ಅಮೆರಿಕದ ಅಧ್ಯಕ್ಷನಾಗಿದ್ದ ಥಾಮಸ್ ಜೆಫರ್ಸನ್ ಕೂಡ ಇದ್ದ. 1813ರಲ್ಲಿ, 47ಕ್ಕೇ ಹೋಗ್ಬಿಟ್ಟ, ಒಂಬತ್ತನೇ ಸಂಪುಟಾನ ಗೆಳೆಯ ಜಾರ್ಜ್ ಆರ್ಡ್ ಮುಗಿಸ್ದ.