ಉಡುದಾರ ಕಾದಾಗ

ಮಾಸ್ಕೋದಲ್ಲಿ ನನ್ನ ಮೊದಲ ಚಳಿಗಾಲ. ಹೊರಗೆ ಮೈನಸ್ 14. ಆಫೀಸಿನ ಗೆಳೆಯ ಶನಿವಾರ ಬಾನ್ಯಾಗೆ ಹೋಗೋಣ ಬಾ ಅಂದ. ಬಾನ್ಯಾ ಅಂದರೆ ರಷ್ಯನ್ನರ ಹಬೆ ಸ್ನಾನದ ಮನೆ. "ನೀನು ಇಂಡಿಯಾದವನು, ನಿನಗೆ ಸೆಕೆ ಹೊಸದಾ?" ಎಂದು ಕಿಚಾಯಿಸಿದ. ರಾಯಚೂರಿನ ಮೇ ತಿಂಗಳು ಕಂಡವನು ನಾನು. ಹೆದರುವ ಮಾತೇ ಇಲ್ಲ ಅಂದುಬಿಟ್ಟೆ.

ಹೋಗಿದ್ದು ಸಂದುನಿ ಎಂಬ ಹಳೇ ಬಾನ್ಯಾಗೆ. ಕುಜ್ನೆಟ್ಸ್ಕಿ ಮೋಸ್ತ್ ಮೆಟ್ರೊದಲ್ಲಿ ಇಳಿದು ಸ್ವಲ್ಪ ನಡೆದರೆ ಸಿಗುತ್ತದೆ. ಸಿಲಾ ಸಂದುನೋವ್ ಎಂಬ ನಾಟಕದ ನಟ 1808ರಲ್ಲಿ ಶುರು ಮಾಡಿದ್ದಂತೆ. ಈಗಿನ ಕಟ್ಟಡ 1896ರದ್ದು. ಮೆಟ್ಟಿಲು, ಚಿತ್ತಾರ ನೋಡಿದರೆ ಜಳಕಕ್ಕೆ ಬಂದಿದ್ದೇವೋ ಅರಮನೆ ನೋಡಲು ಬಂದಿದ್ದೇವೋ ತಿಳಿಯುವುದಿಲ್ಲ.

ಗಂಡಸರ ವಿಭಾಗದಲ್ಲಿ ಎಲ್ಲರೂ ಬರಿಮೈ. ಹೊದೆಯಲು ಒಂದು ಬಿಳಿ ಬಟ್ಟೆ ಕೊಡುತ್ತಾರೆ, ಸೋಫಾದ ಮೇಲೆ ಕೂರುವಾಗ ಅಷ್ಟೇ ಅದರ ಕೆಲಸ. ನನಗೋ ವಿಪರೀತ ನಾಚಿಕೆ. ಐದು ನಿಮಿಷ ಆದಮೇಲೆ ನನ್ನನ್ನು ಯಾರೂ ನೋಡುತ್ತಿಲ್ಲ ಅಂತ ಗೊತ್ತಾಯಿತು. ಉಂಗುರ, ಸರ ಎಲ್ಲ ತೆಗೆದಿಡು ಅಂದ ಗೆಳೆಯ. ತೆಗೆದಿಟ್ಟೆ. ತಲೆಗೆ ಕಂಬಳಿಯಂಥ ದಪ್ಪ ಉಣ್ಣೆಯ ಟೋಪಿ ಹಾಕಿದ. ಮೈಮೇಲೆ ಏನೂ ಇಲ್ಲ, ತಲೆಗೆ ಮಾತ್ರ ಟೋಪಿ! ಬಿಸಿ ಮೊದಲು ನೆತ್ತಿಗೆ ಏರುತ್ತದೆ, ಅದಕ್ಕೇ ಅದು.

ಹಬೆ ಕೋಣೆಗೆ ಪರಿಲ್ಕಾ ಎನ್ನುತ್ತಾರೆ. ಅನುಭವಸ್ಥನೊಬ್ಬ ಎಲ್ಲರನ್ನೂ ಹೊರಗೆ ಕಳಿಸಿ, ಉದುರಿದ ಎಲೆ ಗುಡಿಸಿ, ಒಲೆಯ ಬಾಗಿಲು ತೆರೆದು ಕಾದ ಕಲ್ಲುಗಳ ಮೇಲೆ ಸೌಟಿನಿಂದ ನೀರು ಎರಚಿದ. ಸ್ವಲ್ಪ ಸ್ವಲ್ಪವೇ, ತಡೆದು ತಡೆದು. ಒಮ್ಮೆಗೇ ಸುರಿದರೆ ಹಬೆ ಭಾರವಾಗುತ್ತದಂತೆ. ಆಮೇಲೆ ಕರೆದ. ಎಲ್ಲರೂ ಸಾಲಾಗಿ ಹೋಗಿ ಕಟ್ಟೆಗಳ ಮೇಲೆ ಸುಮ್ನೆ ಕೂತರು. ಮಾತಿಲ್ಲ.

ನಾನು ನೇರ ಮೇಲಿನ ಕಟ್ಟೆಗೆ ಹತ್ತಿದೆ. ರಾಯಚೂರಿನವನಲ್ವಾ? ಒಣ ಬಿಸಿಲೇ ಬೇರೆ, ಈ ಒದ್ದೆ ಬಿಸಿಯೇ ಬೇರೆ. ಉಸಿರೆಳೆದರೆ ಮೂಗು ಸುಡುತ್ತದೆ. ಆದರೂ ಹಲ್ಲು ಕಚ್ಚಿ ಕೂತೆ. ಅಷ್ಟರಲ್ಲಿ ಸೊಂಟದ ಸುತ್ತ ಯಾರೋ ಬರೆ ಎಳೆದಂತಾಯಿತು. ಉಡುದಾರ! ಬೆಳ್ಳಿಯದ್ದು. ಹುಟ್ಟಿದಾಗಿನಿಂದ ಸೊಂಟದಲ್ಲಿ ಒಂದಲ್ಲ ಒಂದು ಇದ್ದೇ ಇದೆ, ಅದೂ ಒಡವೆ ಅಂತ ಹೊಳೆದೇ ಇರಲಿಲ್ಲ. ಎರಡೂ ಕೈಯಲ್ಲಿ ಅದನ್ನು ಮೈಯಿಂದ ದೂರ ಹಿಡಿದುಕೊಂಡು, ಟೋಪಿ ಓರೆಯಾಗಿ, ಎಲ್ಲರ ಮಂಡಿ ದಾಟಿ ಹೊರಗೆ ಓಡಿದೆ. ಈಗ ಮಾತ್ರ ಎಲ್ಲರೂ ನನ್ನನ್ನೇ ನೋಡಿದರು.

ಎರಡನೇ ಸಲ ಉಡುದಾರ ಬಿಚ್ಚಿಟ್ಟು, ಕೆಳಗಿನ ಕಟ್ಟೆಯಲ್ಲಿ ಮಲಗಿದೆ. ದಪ್ಪ ಹೊಟ್ಟೆಯ ಹಿರಿಯರೊಬ್ಬರು ವೇನಿಕ್ ಹಿಡಿದು ಬಂದರು. ಬರ್ಚ್ ಮರದ ಎಲೆ ಸಮೇತದ ಕೊಂಬೆಗಳ ಕಟ್ಟು ಅದು. ಬೇಸಿಗೆಯಲ್ಲಿ ಕಡಿದು ಒಣಗಿಸಿದ್ದನ್ನು ಬಿಸಿನೀರಲ್ಲಿ ನೆನೆಸಿದರೆ ಎಲೆ ಮತ್ತೆ ಮೆತ್ತಗಾಗುತ್ತದೆ. ಹೊಡೆಯುತ್ತಾರೆ ಎಂದುಕೊಂಡಿದ್ದೆ. ಹೊಡೆತ ಅಲ್ಲವೇ ಅಲ್ಲ. ಮೊದಲು ಬೆನ್ನ ಮೇಲೆ ಗಾಳಿ ಬೀಸಿ ಬಿಸಿ ಇಳಿಸುತ್ತಾರೆ, ಆಮೇಲೆ ತಟ್ಟುತ್ತಾರೆ, ಕೊನೆಗೆ ಒತ್ತಿ ಹಿಡಿಯುತ್ತಾರೆ. ಮಳೆ ಬಿದ್ದ ಮಾರನೇ ದಿನ ತೋಟದಲ್ಲಿ ಬರುವಂಥ ವಾಸನೆ. ಎದ್ದು ತಣ್ಣೀರಿನ ಕೊಳಕ್ಕೆ ಧುಮುಕಿದಾಗ ಬಾಯಿಂದ ಬಂದದ್ದು ಅಪ್ಪಟ ಕನ್ನಡ. ಅದನ್ನು ಇಲ್ಲಿ ಬರೆಯುವ ಹಾಗಿಲ್ಲ.

ಆಮೇಲೆ ಸೋಫಾದಲ್ಲಿ ಕ್ವಾಸ್ ಕುಡಿದೆವು. ರೈ ಬ್ರೆಡ್ ಹುಳಿ ಬರಿಸಿ ಮಾಡುವ ಪಾನೀಯ, ನನಗೇನೂ ಅಷ್ಟು ಹಿಡಿಸಲಿಲ್ಲ. ಹಿರಿಯರು ಹೊರಡುವಾಗ ನನ್ನ ಕಡೆ ತಿರುಗಿ "ಸ್ ಲ್ಯೋಖ್ಕಿಮ್ ಪಾರಮ್" ಅಂದರು. ಹಬೆ ಹಗುರವಾಗಿರಲಿ ಅಂತ ಅರ್ಥ, ಸ್ನಾನ ಮುಗಿಸಿದವರಿಗೆ ಹೇಳುವ ಹಾರೈಕೆ. ಹೊರಗೆ ಅದೇ ಮೈನಸ್ 14. ಜಾಕೆಟ್ ಗುಂಡಿ ಹಾಕಬೇಕು ಅಂತಲೂ ಅನಿಸಲಿಲ್ಲ.

ರಾತ್ರಿ ಅವ್ವನಿಗೆ ಫೋನ್ ಮಾಡಿ ಎಲ್ಲ ಹೇಳಿದೆ, ಉಡುದಾರದ ಕತೆಯೊಂದು ಬಿಟ್ಟು. ಪೂರ್ತಿ ಕೇಳಿಸಿಕೊಂಡು ಅವ್ವ ಕೇಳಿದ್ದು ಒಂದೇ: "ತಲಿಗೆ ಎಣ್ಣಿ ಹಚ್ಕೊಂಡು ಹೋಗಿದ್ದಿ ಇಲ್ಲ?"