ಭಾನುವಾರ ನೋಡಿದ ‘ಜೈಲ್‌ಹೌಸ್ ರಾಕ್’

1957ರ ‘ಜೈಲ್‌ಹೌಸ್ ರಾಕ್’ ಸಿನಿಮಾ ಅಂದರೆ ಎಲ್ಲರೂ ಆ ಕುಣಿತದ ಬಗ್ಗೆಯೇ ಮಾತಾಡುತ್ತಾರೆ. ಕಪ್ಪು ಬಿಳುಪಿನ ಪರದೆ, ಜೈಲಿನ ಕಂಬಿಗಳ ಸೆಟ್, ಕಂಬ ಹಿಡಿದು ಜಾರಿ ಇಳಿಯುವ ಅಮೆರಿಕದ ರಾಕ್ ಗಾಯಕ ಎಲ್ವಿಸ್ ಪ್ರೆಸ್ಲಿ. ಕುಣಿತ ಚೆನ್ನಾಗಿದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಗಿಟಾರ್ ಕಲಿಯುತ್ತಿರುವ ಮಗನ ಜೊತೆ ಕೂತು ನೋಡಿದಾಗ ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೆಯೇ ಒಂದು ಸೀನ್.

ಎಲ್ವಿಸ್ ಇಲ್ಲಿ ವಿನ್ಸ್ ಎವರೆಟ್. ಬಾರ್‌ನ ಜಗಳದಲ್ಲಿ ಒಬ್ಬನನ್ನು ಹೊಡೆದು ಸಾಯಿಸಿ ಜೈಲಿಗೆ ಹೋಗಿ, ಸೆಲ್‌ನಲ್ಲಿ ಜೊತೆಗಿದ್ದ ಹಳೇ ಹಾಡುಗಾರನಿಂದ ಗಿಟಾರ್ ಕಲಿಯುತ್ತಾನೆ. ಹೊರಗೆ ಬಂದು ಕ್ಲಬ್ಬೊಂದರಲ್ಲಿ ಹಾಡಿದರೆ ಒಬ್ಬ ಜೋರಾಗಿ ನಗುತ್ತಾನೆ. ವಿನ್ಸ್ ಗಿಟಾರನ್ನೇ ಬಡಿದು ಒಡೆದು ಹಾಕುತ್ತಾನೆ. ಮಗ ಬೆಚ್ಚಿ ನನ್ನ ಕಡೆ ನೋಡಿದ.

ಆಮೇಲೆ ಸ್ಟುಡಿಯೋ. ವಿನ್ಸ್ ಹಾಡುತ್ತಾನೆ, ರೆಕಾರ್ಡ್ ಆದದ್ದನ್ನು ಕೇಳುತ್ತಾನೆ, ಮನಸ್ಸಿಗೆ ಒಪ್ಪುವುದಿಲ್ಲ. ಹಾಡನ್ನು ನಿನಗೆ ಹೊಂದುವ ಹಾಗೆ ಮಾಡಿಕೋ ಅಂತ ಅವನಿಗೆ ನೆರವಾಗುವ ಗೆಳತಿ ಪೆಗ್ಗಿ ಹೇಳುತ್ತಾಳೆ. ಮತ್ತೆ ಹಾಡಿದಾಗ ಅದೇ ಹಾಡು ಬೇರೆ ಆಗಿಬಿಡುತ್ತೆ! ರಸಮಂಜರಿ ಕಾರ್ಯಕ್ರಮಗಳಲ್ಲಿ ಎಷ್ಟೋ ವರ್ಷ ಹಾಡಿದ ನನಗೆ ಅಲ್ಲಿ ಎದೆ ಝಲ್ ಅಂತು. ಅಣ್ಣಾವ್ರ ಹಾಡಿದ್ದರೆ ಅಣ್ಣಾವ್ರ ಥರ, ಎಸ್ಪಿಬಿ ಹಾಡಿದ್ದರೆ ಎಸ್ಪಿಬಿ ಥರ, ಜನ ಬಯಸೋದೂ ಅದನ್ನೇ, ನಾವು ಇಡೀ ವಾರ ಪ್ರ್ಯಾಕ್ಟೀಸ್ ಮಾಡೋದೂ ಅದಕ್ಕೇ. ನಿನ್ನ ಥರ ಹಾಡು ಅಂತ ನನಗೆ ಯಾರೂ ಹೇಳಿರಲಿಲ್ಲ. ಕಥೆಯಲ್ಲಿ ಮುಂದೆ ರೆಕಾರ್ಡ್ ಕಂಪನಿಯೊಂದು ಅವನ ಹಾಡುವ ಧಾಟಿಯನ್ನೇ ಕದ್ದು ಬೇರೆ ಗಾಯಕನಿಂದ ಹಾಡಿಸುತ್ತದೆ. ಆ ಸಿಟ್ಟು ನನಗೆ ನನ್ನದೇ ಅನಿಸಿತು.

ಆ ಕುಣಿತಕ್ಕೂ ಇಂಥದ್ದೇ ಕಥೆ ಇದೆ ಅಂತ ಮಗನಿಗೆ ಹೇಳಿದೆ. ನೃತ್ಯ ನಿರ್ದೇಶಕ ಅಲೆಕ್ಸ್ ರೊಮೆರೊ ಮೊದಲು ಹೇಳಿಕೊಟ್ಟ ಹೆಜ್ಜೆಗಳು ಎಲ್ವಿಸ್‌ಗೆ ಹೊಂದಲಿಲ್ಲ. ಆಗ ರೊಮೆರೊ ಅವನ ಹಾಡುಗಳನ್ನು ಹಾಕಿ, ಅವನು ತನ್ನಷ್ಟಕ್ಕೆ ಹೇಗೆ ಆಡುತ್ತಾನೋ ನೋಡಿ, ಅದರಿಂದಲೇ ಹೆಜ್ಜೆ ಕಟ್ಟಿದರು. ಬಲವಂತದ ಹೆಜ್ಜೆ ಆಗಿದ್ದರೆ ಇವತ್ತಿಗೂ ಜನ ನೋಡ್ತಿದ್ರಾ?

ಪೆಗ್ಗಿ ಪಾತ್ರದ ಜೂಡಿ ಟೈಲರ್ ಚಿತ್ರ ಬಿಡುಗಡೆಗೆ ಮೊದಲೇ ಕಾರು ಅಪಘಾತದಲ್ಲಿ ತೀರಿಕೊಂಡರು. ಅದು ಗೊತ್ತಿದ್ದು ಅವರ ನಗು ನೋಡೋದು ಕಷ್ಟ.

ಸಂಜೆ ಮಗನ ಹಾಡನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ ಕೇಳಿಸಿದೆ. ಮುಖ ಹುಳ್ಳಗೆ ಮಾಡಿಕೊಂಡ. ‘ಅಪ್ಪಾ, ಇದು ಸಿನಿಮಾದಲ್ಲಿರೋ ಥರಾನೇ ಇದೆ, ಅಲ್ವಾ?’ ಅಂದ. ಹೌದು ಅಂದೆ. ಶ್ರುತಿ ಸ್ವಲ್ಪ ಇಳಿಸಿಕೊಂಡು ಪಲ್ಲವಿಯನ್ನು ಮತ್ತೆ ಶುರು ಮಾಡಿದ, ಈ ಸಲ ತುಂಬಾ ನಿಧಾನವಾಗಿ.