ರಂಗೂನು ವಿಶ್ವವಿದ್ಯಾಲಯದ ಯೂನಿಯನ್ ಕಟ್ಟಡ

ಒಂದು ಕಟ್ಟಡ ಬೇಡವಾದರೆ ಸರ್ಕಾರ ಅದಕ್ಕೆ ಬೀಗ ಜಡಿಯಬಹುದು, ಕಾವಲು ಹಾಕಬಹುದು, ಬೇರೆ ಕಚೇರಿಗೆ ಕೊಟ್ಟುಬಿಡಬಹುದು. ಬರ್ಮಾದ ಸೇನಾ ಸರ್ಕಾರ 1962ರ ಜುಲೈ 8ರ ಬೆಳಗಿನ ಜಾವ ರಂಗೂನು ವಿಶ್ವವಿದ್ಯಾಲಯದ ವಿದ್ಯಾರ್ಥಿ ಸಂಘದ ಕಟ್ಟಡವನ್ನು ಡೈನಮೈಟ್ ಇಟ್ಟು ಏಕೆ ಸಿಡಿಸಿತು ಎಂಬ ಪ್ರಶ್ನೆ ಬಹಳ ವರ್ಷಗಳಿಂದ ನನ್ನನ್ನು ಕಾಡುತ್ತಿದೆ. ಕರ್ನಾಟಕದ ಕಾಲೇಜುಗಳಲ್ಲಿ ವಿದ್ಯಾರ್ಥಿ ಸಂಘಗಳ ನೇರ ಚುನಾವಣೆ ನಿಂತುಹೋದ ಮೇಲೆ ಓದಿದ ತಲೆಮಾರಿನವನು ನಾನು. ನಮ್ಮ ಕಾಲೇಜಿನಲ್ಲಿ ‘ಯೂನಿಯನ್ ರೂಮ್’ ಎಂಬ ಬಣ್ಣ ಮಾಸಿದ ಹಲಗೆಯಿದ್ದ ಕೋಣೆಯೊಂದಿತ್ತು. ಒಳಗೆ ಗಾಳಿ ಇಳಿದ ವಾಲಿಬಾಲುಗಳೂ ಸುತ್ತಿಟ್ಟ ಜಮಖಾನಗಳೂ ಇರುತ್ತಿದ್ದವು. ಅಂಥ ಕೋಣೆಗೆ ಯಾರಾದರೂ ಹೆದರಿಯಾರು ಎಂದು ಆಗ ನನಗೆ ಅನ್ನಿಸಿರಲಿಲ್ಲ. ರಂಗೂನಿನ ಕಥೆ ಓದಿದ ಮೇಲೆ ಆ ಹಲಗೆಯನ್ನು ನೆನೆಯುವ ಬಗೆಯೇ ಬದಲಾಯಿತು.

ರಂಗೂನು ವಿಶ್ವವಿದ್ಯಾಲಯ ಹುಟ್ಟಿದ್ದೇ ಮುಷ್ಕರದ ನಡುವೆ. 1920ರಲ್ಲಿ ಬ್ರಿಟಿಷರು ತಂದ ವಿಶ್ವವಿದ್ಯಾಲಯ ಕಾಯ್ದೆಯು ಉನ್ನತ ಶಿಕ್ಷಣವನ್ನು ಕೆಲವೇ ಜನರಿಗೆ ಮೀಸಲಿಡುತ್ತದೆ ಎಂದು ವಿದ್ಯಾರ್ಥಿಗಳು ಡಿಸೆಂಬರಿನಲ್ಲಿ ತರಗತಿಗಳನ್ನು ಬಹಿಷ್ಕರಿಸಿದರು. ಆ ಬಹಿಷ್ಕಾರದ ನೆನಪಿಗೆ ಬರ್ಮೀಯರು ಇಂದಿಗೂ ರಾಷ್ಟ್ರೀಯ ದಿನವನ್ನು ಆಚರಿಸುತ್ತಾರೆ. ಹತ್ತು ವರ್ಷಗಳ ನಂತರ, 1930ರ ಸುಮಾರಿಗೆ, ಊ ನ್ಯೋ ಎಂಬ ಶ್ರೀಮಂತ ವರ್ತಕರ ದಾನದಿಂದ ವಿದ್ಯಾರ್ಥಿಗಳಿಗೆ ಸ್ವಂತ ಸಂಘದ ಕಟ್ಟಡ ದೊರೆಯಿತು. ವಸಾಹತು ಸರ್ಕಾರದ ಆಡಳಿತದಲ್ಲಿದ್ದ ಆವರಣದೊಳಗೆ ಬರ್ಮೀಯನೊಬ್ಬ ಬರ್ಮೀಯ ಹುಡುಗರಿಗೆ ಕಟ್ಟಿಸಿಕೊಟ್ಟ ಮನೆ ಅದು. ಮುಂದೆ ಅದರ ಮೇಲೆ ಅಷ್ಟೊಂದು ಮಮತೆ ಬೆಳೆದದ್ದಕ್ಕೆ ಇದೂ ಒಂದು ಕಾರಣವೆಂದು ನಾನು ಭಾವಿಸುತ್ತೇನೆ.

1936ರ ಹೊತ್ತಿಗೆ ಸಂಘದ ಅಧ್ಯಕ್ಷ ನು ಎಂಬ ಯುವಕ. ಸಂಘದ ಪತ್ರಿಕೆ ‘ಓವೇ’ಯ ಸಂಪಾದಕ ಆಂಗ್ ಸಾನ್. ಓವೇ ಎಂದರೆ ನವಿಲಿನ ಕೂಗು. ಆಡಳಿತವನ್ನು ಟೀಕಿಸಿ ಭಾಷಣ ಮಾಡಿದ್ದಕ್ಕೆ ನು ಅವರನ್ನೂ, ವಿಶ್ವವಿದ್ಯಾಲಯದ ಅಧಿಕಾರಿಯೊಬ್ಬರನ್ನು ಕಟುವಾಗಿ ಹೀಯಾಳಿಸಿದ ಲೇಖನದ ಲೇಖಕ ಯಾರೆಂದು ಹೇಳಲು ಒಪ್ಪದಿದ್ದಕ್ಕೆ ಆಂಗ್ ಸಾನ್ ಅವರನ್ನೂ ಹೊರಹಾಕಲು ಆಡಳಿತ ಮುಂದಾಯಿತು. ಫೆಬ್ರವರಿಯಲ್ಲಿ, ಪರೀಕ್ಷೆ ಇನ್ನೇನು ಶುರುವಾಗುವ ಹೊತ್ತಿಗೆ, ವಿದ್ಯಾರ್ಥಿಗಳು ಪುಸ್ತಕ ಮಡಚಿಟ್ಟು ಶ್ವೇಡಗಾನ್ ಪಗೋಡದ ಬೆಟ್ಟವೇರಿ ಅಲ್ಲೇ ಬೀಡುಬಿಟ್ಟರು. ಪರೀಕ್ಷೆಗಳು ಮುಂದಕ್ಕೆ ಹೋದವು, ಉಚ್ಚಾಟನೆಯ ಆದೇಶಗಳೂ ಬಿದ್ದುಹೋದವು. ನು ಸ್ವತಂತ್ರ ಬರ್ಮಾದ ಮೊದಲ ಪ್ರಧಾನಿಯಾದರು. 1938ರಲ್ಲಿ ಅದೇ ಸಂಘದ ಅಧ್ಯಕ್ಷರಾದ ಆಂಗ್ ಸಾನ್ ಸ್ವಾತಂತ್ರ್ಯ ಹೋರಾಟದ ಮುಂದಾಳಾಗಿ, ಸ್ವಾತಂತ್ರ್ಯ ಬರುವ ಆರು ತಿಂಗಳು ಮೊದಲೇ, 1947ರ ಜುಲೈ 19ರಂದು ಹಂತಕರ ಗುಂಡಿಗೆ ಬಲಿಯಾದರು.

1962ರ ಮಾರ್ಚ್ 2ರಂದು ಜನರಲ್ ನೆ ವಿನ್ ಅಧಿಕಾರ ಕಸಿದುಕೊಂಡಾಗ ಪದಚ್ಯುತರಾದ ಪ್ರಧಾನಿಯೂ ಇದೇ ನು. ನಾಲ್ಕು ತಿಂಗಳಲ್ಲೇ ವಿಶ್ವವಿದ್ಯಾಲಯದ ಹಾಸ್ಟೆಲುಗಳಿಗೆ ಹೊಸ ನಿಯಮ ಬಂತು: ರಾತ್ರಿ ಎಂಟಕ್ಕೆ ಬಾಗಿಲು ಬಂದ್. ಹಾಸ್ಟೆಲಿನಲ್ಲಿ ಇದ್ದವರಿಗೆ ಎಂಟು ಗಂಟೆಯ ಬೀಗ ಏನೆಂದು ಬಿಡಿಸಿ ಹೇಳಬೇಕಾಗಿಲ್ಲ. ಓದುವುದಕ್ಕಿಂತ ಹೆಚ್ಚಾಗಿ ಮಾತನಾಡುವುದು, ವಾದಿಸುವುದು ಆ ಹೊತ್ತಿನ ನಂತರವೇ. ಜುಲೈ 7ರ ಶನಿವಾರ ವಿದ್ಯಾರ್ಥಿಗಳು ಸಂಘದ ಕಟ್ಟಡದಲ್ಲಿ ಸಭೆ ಸೇರಿ ಪ್ರತಿಭಟನೆಗೆ ಇಳಿದರು. ಸಂಜೆ ಸೈನಿಕರು ಗುಂಡು ಹಾರಿಸಿದರು. ಸತ್ತವರು ಹದಿನೈದು ಎಂದು ಸರ್ಕಾರ ಹೇಳಿತು. ನೂರಕ್ಕೂ ಹೆಚ್ಚು ಎಂದು ವಿದ್ಯಾರ್ಥಿಗಳು ಹೇಳುತ್ತ ಬಂದಿದ್ದಾರೆ. ಮರುದಿನ ಬೆಳಕು ಹರಿಯುವ ವೇಳೆಗೆ ಸ್ಫೋಟದ ಸದ್ದು ಕೇಳಿಸಿತು. ಮೂರು ದಶಕಗಳ ಭಾಷಣಗಳನ್ನೂ ಚುನಾವಣೆಗಳನ್ನೂ ಕಂಡಿದ್ದ ಕಟ್ಟಡ ಮಳೆಗಾಲದ ನೆಲದ ಮೇಲೆ ಇಟ್ಟಿಗೆಯ ರಾಶಿಯಾಯಿತು. ಕತ್ತಿಗೆ ಕತ್ತಿ, ಈಟಿಗೆ ಈಟಿ ಎಂದು ನೆ ವಿನ್ ರೇಡಿಯೊದಲ್ಲಿ ಎಚ್ಚರಿಸಿದರು. ಹುಡುಗರ ಕೈಯಲ್ಲಿ ಯಾವ ಈಟಿ ಇತ್ತು?

ಕಟ್ಟಡದ ಚರಿತ್ರೆ ಅಲ್ಲಿಗೆ ಮುಗಿಯಬೇಕಿತ್ತು. ಆದರೆ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುವ ಅಧ್ಯಾಯ ಅದು ಇಲ್ಲವಾದ ಹನ್ನೆರಡು ವರ್ಷಗಳ ಮೇಲೆ ನಡೆದದ್ದು. ವಿಶ್ವಸಂಸ್ಥೆಯ ಮೂರನೆಯ ಮಹಾ ಪ್ರಧಾನ ಕಾರ್ಯದರ್ಶಿಯಾಗಿದ್ದ ಊ ಥಾಂಟ್ 1974ರ ನವೆಂಬರ್ 25ರಂದು ನ್ಯೂಯಾರ್ಕಿನಲ್ಲಿ ತೀರಿಕೊಂಡರು. ಪಾಂಟನೋ ಎಂಬ ಸಣ್ಣ ಪಟ್ಟಣದ ಶಾಲಾ ಮೇಷ್ಟ್ರಾಗಿದ್ದವರು, ನು ಅವರ ಹಳೆಯ ಗೆಳೆಯರು, ಇದೇ ವಿಶ್ವವಿದ್ಯಾಲಯದಲ್ಲಿ ಓದಿದವರು. ಶವ ರಂಗೂನಿಗೆ ಬಂದಾಗ ಸರ್ಕಾರ ಯಾವ ರಾಜಮರ್ಯಾದೆಯನ್ನೂ ಕೊಡಲಿಲ್ಲ; ಹಳೆಯ ಕುದುರೆ ರೇಸ್ ಮೈದಾನದಲ್ಲಿ ಇರಿಸಿದ್ದ ಶವಪೆಟ್ಟಿಗೆಯನ್ನು ನೋಡಲು ಜನ ತಾವಾಗಿಯೇ ಬಂದರು. ಡಿಸೆಂಬರ್ 5ರಂದು, ಅಂತ್ಯಸಂಸ್ಕಾರಕ್ಕೆ ಹೊರಡುವ ಹೊತ್ತಿನಲ್ಲಿ, ವಿದ್ಯಾರ್ಥಿಗಳು ಆ ಪೆಟ್ಟಿಗೆಯನ್ನೇ ಎತ್ತಿಕೊಂಡು ವಿಶ್ವವಿದ್ಯಾಲಯಕ್ಕೆ ತಂದು ಘಟಿಕೋತ್ಸವ ಭವನದಲ್ಲಿ ಇರಿಸಿದರು. ಅವರಿಗೆ ಸಮಾಧಿಯ ಜಾಗ ಹುಡುಕಬೇಕಾಗಲಿಲ್ಲ. ಸಂಘದ ಕಟ್ಟಡ ನಿಂತಿದ್ದ ಬರಿಯ ನೆಲದ ಮೇಲೆ ತಾವೇ ಸಮಾಧಿ ಕಟ್ಟಿ 8ರಂದು ಊ ಥಾಂಟರನ್ನು ಅಲ್ಲಿ ಇರಿಸಿದರು.

ಆ ಹುಡುಗರಲ್ಲಿ ಬಹಳ ಮಂದಿ ಕಟ್ಟಡ ಬಿದ್ದಾಗ ಪ್ರಾಥಮಿಕ ಶಾಲೆಯ ಮಕ್ಕಳಾಗಿದ್ದಿರಬೇಕು. ಕಣ್ಣಾರೆ ಕಂಡಿರದ ಗೋಡೆಗಳ ಜಾಗವನ್ನು ಅವರು ಅಷ್ಟು ನಿಖರವಾಗಿ ಬಲ್ಲವರಾಗಿದ್ದರು ಎಂಬುದನ್ನು ಯೋಚಿಸಿದಾಗಲೆಲ್ಲ ನನ್ನ ಮನಸ್ಸು ತುಂಬಿ ಬರುತ್ತದೆ. ಮೂರೇ ದಿನ. ಡಿಸೆಂಬರ್ 11ರ ನಸುಕಿನಲ್ಲಿ ಸೈನಿಕರು ಒಳನುಗ್ಗಿ ಪೆಟ್ಟಿಗೆಯನ್ನು ಹೊರತೆಗೆದು ಶ್ವೇಡಗಾನ್ ಬಳಿಯ ಉದ್ಯಾನವೊಂದಕ್ಕೆ ಒಯ್ದು ಹೂಳಿದರು. ಊರಿನಲ್ಲಿ ಗಲಭೆಯೆದ್ದು ಸೇನಾಡಳಿತದ ಆಜ್ಞೆ ಹೊರಟಿತು.

1988ರ ಜುಲೈ 23ರಂದು, ದೇಶವೆಲ್ಲ ಹೊತ್ತಿ ಉರಿಯುವ ಹೊತ್ತಿಗೆ, ಆಳುವ ಪಕ್ಷದ ಅಧ್ಯಕ್ಷ ಸ್ಥಾನದಿಂದ ಕೆಳಗಿಳಿಯುತ್ತಿದ್ದ ನೆ ವಿನ್ ತಮ್ಮ ಕೊನೆಯ ದೊಡ್ಡ ಭಾಷಣದಲ್ಲಿ ಈ ಕಟ್ಟಡದ ಮಾತೆತ್ತಿದರು. ಅದನ್ನು ಸಿಡಿಸುವ ಅಪ್ಪಣೆ ತಮ್ಮದಲ್ಲವೆಂದೂ, ಆಗ ತಮ್ಮ ಜೊತೆಯಲ್ಲಿದ್ದ ಆಂಗ್ ಜೀ ಎಂಬ ಸೇನಾಧಿಕಾರಿಯ ಕೆಲಸವೆಂದೂ ಹೇಳಿಸಿದರು. ಆಂಗ್ ಜೀ ಆ ಹೊಣೆಯನ್ನು ನೆ ವಿನ್ ಕಡೆಗೇ ತಿರುಗಿಸಿದ್ದರು. ಇಪ್ಪತ್ತಾರು ವರ್ಷ ದೇಶವನ್ನು ಅಂಗೈಯಲ್ಲಿ ಹಿಡಿದಿದ್ದ ವ್ಯಕ್ತಿ, ಅಧಿಕಾರ ಬಿಟ್ಟೇಳುವ ದಿನ, ಎಂದೋ ನೆಲಸಮವಾದ ವಿದ್ಯಾರ್ಥಿಗಳ ಕಟ್ಟಡವೊಂದರ ಲೆಕ್ಕ ಒಪ್ಪಿಸುತ್ತ ನಿಂತಿದ್ದರು.